ಒಳಮನೆಯ ಚಪ್ಪಲಿ

ನಮ್ಮ ಜನ ಹಿರಿಯರ ಕಾಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ, ಮದುವೆಯಲ್ಲಿ ಅಳಿಯನ ಕಾಲು ತೊಳೆಯುತ್ತಾರೆ, ಸ್ವಾಮಿಗಳು ಬಂದರೆ ಪಾದೋದಕ ಕುಡಿಯುತ್ತಾರೆ. ಆದರೆ ತಮ್ಮದೇ ಅಂಗಾಲನ್ನು ಮೇಲೆತ್ತಿ ನೋಡಿಕೊಂಡವರನ್ನು ನಾನು ಕಂಡದ್ದು ಕಡಿಮೆ. ಹಣೆಯ ಮೇಲೊಂದು ಗುಳ್ಳೆಯೆದ್ದರೆ ಕನ್ನಡಿ ಬಿಟ್ಟು ಏಳುವುದಿಲ್ಲ, ಹಿಮ್ಮಡಿ ಸೀಳಿ ರಕ್ತ ಬಂದರೂ ‘ನಡೀತೈತಿ ಬಿಡ್ರಿ’ ಎನ್ನುತ್ತಾರೆ. ಹಾಗೆ ನಡೆಸಿಕೊಂಡು ಹೋದ ಕಾಲುಗಳನ್ನು ನೋಡುವುದೇ ನನ್ನ ಹೊಟ್ಟೆಪಾಡಾಗಿತ್ತು.

ಆಗ ಸಾಂಗ್ಲಿ ಸೀಮೆಯಲ್ಲಿ ಎಲ್ಲವೂ ಸಹಕಾರಿ. ಹಾಲಿಗೊಂದು ಸಂಘ, ಕಬ್ಬಿಗೊಂದು, ನೂಲಿಗೊಂದು, ಕೋಳಿಮೊಟ್ಟೆಗೂ ಒಂದು. ಒಂದು ಸಕ್ಕರೆ ಕಾರ್ಖಾನೆಯ ಚೇರ್ಮನ್ನರು, ಪಕ್ಕದ ಕಾರ್ಖಾನೆಯವರು ಕಣ್ಣಿನ ಶಿಬಿರ ನಡೆಸಿದ್ದು ಕೇಳಿ, ತಮ್ಮ ಸದಸ್ಯರಿಗೂ ಏನಾದರೂ ಹೊಸದು ಆಗಲೇಬೇಕೆಂದು ಹಟ ಹಿಡಿದರಂತೆ. ಕಣ್ಣು ಆಗಿತ್ತು, ಹಲ್ಲು ಆಗಿತ್ತು, ಉಳಿದದ್ದು ಕಾಲು. ಹೀಗೆ ಕಾರ್ಖಾನೆಯ ಆರೋಗ್ಯ ಕೇಂದ್ರದಲ್ಲಿ ನನಗೆ ನೌಕರಿ ಸಿಕ್ಕಿತು. ಊರೂರು ತಿರುಗಿ ಕಾಲು ನೋಡುವ ಬಾಯಿ, ಅಂದರೆ ಹೆಂಗಸು, ಎಂದು ಸಭೆಯಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸಿ ತೋರಿಸಿದರು. ಮಂದಿ ನಕ್ಕರು, ನಾನೂ ನಕ್ಕೆ, ಇನ್ನೇನು ಮಾಡಲಿ.

ನಾನು ಜತ್ತ ಕಡೆಯ ಕನ್ನಡದವಳು. ಮಿರಜದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಕಾಲಿನ ಆರೈಕೆ ಕಲಿತಿದ್ದೆ. ಸಕ್ಕರೆ ಕಾಯಿಲೆ ಹಳೆಯದಾದರೆ ಕಾಲು ಮರಗಟ್ಟುತ್ತದೆ. ಕುಷ್ಠರೋಗ ಮಾತ್ರೆಯಿಂದ ಪೂರ್ತಿ ವಾಸಿಯಾದ ಮೇಲೂ ಕೆಲವರ ಅಂಗಾಲಿಗೆ ಸ್ಪರ್ಶ ತಿರುಗಿ ಬರುವುದಿಲ್ಲ. ಮುಳ್ಳು ಚುಚ್ಚಿದರೂ ತಿಳಿಯದು, ಕೆಂಡ ತುಳಿದರೂ ತಿಳಿಯದು. ನೋವಿಲ್ಲವಲ್ಲ ಎಂದು ಗಾಯದ ಮೇಲೆಯೇ ನಡೆಯುತ್ತಾರೆ, ಹುಣ್ಣು ಆಳಕ್ಕಿಳಿಯುತ್ತದೆ, ಎಲುಬಿಗೆ ಮುಟ್ಟಿದರೆ ಕಾಲು ಕತ್ತರಿಸಬೇಕಾಗುತ್ತದೆ. ಅಷ್ಟಾಗುವುದಕ್ಕೆ ಮೊದಲಿನ ಕೆಲಸ ನನ್ನದು. ಕಣ್ಣು ಮುಚ್ಚಿಸಿ ಬಾಲ್‌ಪೆನ್ನಿನ ತುದಿಯಿಂದ ಅಂಗಾಲು ಮುಟ್ಟಿ, ಮುಟ್ಟಿದ್ದು ಎಲ್ಲೆಂದು ಬೆರಳಿಟ್ಟು ತೋರಿಸಲು ಹೇಳುವುದು, ಬೋಗುಣಿಯಲ್ಲಿ ಕಾಲು ನೆನೆಹಾಕಿ ದಡ್ಡುಗಟ್ಟಿದ ಚರ್ಮ ಹೆರೆಯುವುದು, ಎಣ್ಣೆ ಹಚ್ಚುವುದು, ಪಟ್ಟಿ ಕಟ್ಟುವುದು, ಅಳತೆ ತೆಗೆದುಕೊಂಡು ಹೋಗಿ ಆಸ್ಪತ್ರೆಯ ಚಪ್ಪಲಿ ಕೋಣೆಯಲ್ಲಿ ಮೊಳೆಯಿಲ್ಲದ ಮೆತ್ತನೆಯ ರಬ್ಬರಿನ ಚಪ್ಪಲಿ ಮಾಡಿಸಿ ತರುವುದು. ಇಷ್ಟೆಲ್ಲ ಮಾಡಿದ ಮೇಲೆ ಬೈಯುವುದು. ಬೈಯದಿದ್ದರೆ ಯಾರೂ ಚಪ್ಪಲಿ ಹಾಕಿಕೊಳ್ಳುತ್ತಿರಲಿಲ್ಲ.

ಮಾಧವನಗರದ ಗಿರಣಿಯಲ್ಲಿ ಕೆಲಸಕ್ಕಿದ್ದ ನನ್ನ ಗಂಡನಿಗೆ ಈ ಕೆಲಸ ಸೇರಲಿಲ್ಲ. “ಅಂಥಾವರ ಕಾಲ ಹಿಡದ ಕೈಲೆ ಬಡದ ರೊಟ್ಟಿ ನಾ ಹೆಂಗ ತಿನ್ನಲಿ?” ಎಂದ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. “ತಿನ್ನಬ್ಯಾಡ, ಬಿಡು” ಎಂದೆ. ಬಿಟ್ಟ, ರೊಟ್ಟಿಯನ್ನಷ್ಟೇ ಅಲ್ಲ, ನನ್ನನ್ನೂ. ಮುಂಬೈಯಲ್ಲಿ ಬೇರೆ ಸಂಸಾರ ಹೂಡಿದನೆಂದು ಆಮೇಲೆ ಯಾರೋ ಹೇಳಿದರು. ನನ್ನ ಕೊರಳಲ್ಲಿ ತಾಳಿ ಉಳಿಯಿತು, ಹಣೆಗೆ ಕುಂಕುಮ ಇಡುವುದನ್ನು ನಾನೂ ಬಿಡಲಿಲ್ಲ. ಆದರೆ ಅರಿಶಿನ ಕುಂಕುಮಕ್ಕೆಂದು ಯಾರೂ ನನ್ನನ್ನು ಕರೆಯುತ್ತಿರಲಿಲ್ಲ. ಗಂಡ ಬಿಟ್ಟವಳು ವಿಧವೆಯ ಲೆಕ್ಕಕ್ಕೂ ಇಲ್ಲ, ಮುತ್ತೈದೆಯ ಲೆಕ್ಕಕ್ಕೂ ಇಲ್ಲ.

ಮಿರಜದಲ್ಲಿ ತಂಬೂರಿ ಮಾಡುವವರ ಅಂಗಡಿಯ ಮೇಲೆ ಒಂದು ಬಾಡಿಗೆ ಕೋಣೆಯಲ್ಲಿದ್ದೆ. ಕೆಳಗೆ ದಿನವಿಡೀ ಒಂದೇ ತಂತಿ ಮಿಡಿದು ಶ್ರುತಿ ಹಚ್ಚುತ್ತಿದ್ದರು. ಆ ಸದ್ದು ನಿಂತಾಗ ಕೋಣೆ ಬಣಬಣ ಎನ್ನುತ್ತಿತ್ತು. ಒಬ್ಬಳಿಗೆಂದು ಒಲೆ ಹಚ್ಚಲು ಬೇಸರವಾಗಿ ಎಷ್ಟೋ ದಿನ ಚುರುಮುರಿ ತಿಂದು ಮಲಗಿದ್ದೇನೆ. ಪೇಟೆಯಲ್ಲಿ ನಾನು ಕಾಲು ತೊಳೆದ ಮಂದಿ ಎದುರಾದರೆ ಅಂಗಡಿಯ ಬೋರ್ಡು ಓದುವವರಂತೆ ಅತ್ತ ತಿರುಗುತ್ತಿದ್ದರು. ಅವರ ತಪ್ಪೂ ಇರಲಿಲ್ಲ. ನಾನು ಯಾರ ಬಾಗಿಲಲ್ಲಿ ನಿಂತರೂ ಆ ಮನೆಯಲ್ಲಿ ದೊಡ್ಡ ರೋಗವಿದೆ ಎಂದು ಗುಲ್ಲೇಳುತ್ತಿತ್ತು. ಕಾರ್ಖಾನೆಯವರು ಜೀಪು ಕೊಡುತ್ತೇವೆಂದಾಗ ನಾನೇ ಬೇಡವೆಂದೆ. ಜೀಪು ನಿಂತರೆ ಆ ಮನೆಯ ಮಗಳ ಮದುವೆ ನಿಂತಂತೆ. ಬಸ್ಸಿನಲ್ಲಿ, ಕಾಲ್ನಡಿಗೆಯಲ್ಲಿ, ಚೀಲ ಸೆರಗಿನೊಳಗೆ ಮುಚ್ಚಿಕೊಂಡು ತಿರುಗುತ್ತಿದ್ದೆ.

ಮನೆಗಳಿಗೆ ಹೋಗಿ ‘ಕಾಲು ತೋರಿಸಿ’ ಎಂದರೆ ಯಾರೂ ತೋರಿಸುವುದಿಲ್ಲ. ಅದಕ್ಕೆ ಬೆಳಿಗ್ಗೆ ಬೆಳಿಗ್ಗೆ ಹಾಲಿನ ಸಂಘದ ಮುಂದೆ ಹೋಗಿ ನಿಲ್ಲುತ್ತಿದ್ದೆ. ಊರೆಲ್ಲ ಅಲ್ಲಿಗೆ ಹಾಲು ಹಾಕಲು ಬರುತ್ತದೆ, ಸರದಿಯಲ್ಲಿ ನಿಲ್ಲುತ್ತದೆ. ಎಲ್ಲರೂ ತಮ್ಮ ಹಾಲಿಗೆ ಎಷ್ಟು ಫ್ಯಾಟು ಬಂತೆಂದು ಕತ್ತು ಚಾಚಿ ನೋಡುತ್ತಿದ್ದರೆ ನಾನು ತಲೆ ತಗ್ಗಿಸಿ ಕಾಲು ನೋಡುತ್ತಿದ್ದೆ. ಕುಂಟುವವರು, ಬೆರಳು ಎಳೆಯುವವರು, ಒಂದು ಹಿಮ್ಮಡಿ ಹೆಚ್ಚು ಊರುವವರು ಅಲ್ಲಿಯೇ ತಿಳಿದುಬಿಡುತ್ತಿದ್ದರು.

ಸಾಂಗ್ಲಿ ಪಕ್ಕದ ಹರಿಪುರದಲ್ಲಿ ಆಗಿನ್ನೂ ಯಾರಿಗೂ ನನ್ನ ಗುರುತಿರಲಿಲ್ಲ. ಅಲ್ಲಿನ ಹಾಲಿನ ಸಂಘದ ಮುಂದೆ ಒಂದು ಶ್ರಾವಣದ ಬೆಳಿಗ್ಗೆ ಒಬ್ಬ ಹೆಂಗಸು ಹಾಲಿನ ಕ್ಯಾನು ಹಿಡಿದು ಬಂದಳು. ಎಡಗಾಲಲ್ಲಿ ಚಪ್ಪಲಿ ಇತ್ತು, ಬಲಗಾಲಲ್ಲಿ ಇರಲಿಲ್ಲ. ಅದು ಹಿಂದೆ ದಾರಿಯ ರಾಡಿಯಲ್ಲಿ ಸಿಕ್ಕಿಕೊಂಡು ಬಿದ್ದಿತ್ತು. ಚಪ್ಪಲಿ ಕಳಚಿದ್ದು ಅವಳಿಗೆ ತಿಳಿದೇ ಇರಲಿಲ್ಲ, ಬರಿಗಾಲು ಊರುತ್ತ ಆರಾಮವಾಗಿ ಬಂದು ಸರದಿಯಲ್ಲಿ ನಿಂತಳು. ಹೋಗಿ ಚಪ್ಪಲಿ ಕಿತ್ತು ತಂದು, “ಇದು ನಿಮ್ದೇನ್ರಿ?” ಎಂದು ಕನ್ನಡದಲ್ಲೇ ಕೇಳಿದೆ.

“ಅಯ್ಯ ಶಿವನ! ಯಾವಾಗ ಬಿತ್ತರಿ ಇದು?” ಎಂದು ನಕ್ಕಳು. ಆಮೇಲೆ ನನ್ನ ಮುಖ ನೋಡಿದಳು, ನಗು ಅಲ್ಲಿಗೇ ನಿಂತಿತು. ಮಿರಜದ ಆಸ್ಪತ್ರೆಯಲ್ಲಿ ಕಂಡಿದ್ದಳಂತೆ, ನಾನು ಯಾರೆಂದು ಅವಳಿಗೆ ಗೊತ್ತಿತ್ತು. ಹಾಲು ಹಾಕಿ ತಿರುಗಿ ಹೋಗುವಾಗ ನನ್ನ ಪಕ್ಕ ನಿಂತು, ಕ್ಯಾನಿನ ಮುಚ್ಚಳ ಸರಿಮಾಡುವ ನೆವದಲ್ಲಿ ಪಿಸುಗುಟ್ಟಿದಳು: “ಮನಿಗಿ ಬರ್ರಿ ಅಕ್ಕಾ. ಆದ್ರ ದವಾಖಾನಿಯವರಂಗ ಬರಬ್ಯಾಡ್ರಿ, ನಮ್ಮವರಂಗ ಬರ್ರಿ.”

ಮರುದಿನ ಅವರವಳಂತೆಯೇ ಹೋದೆ, ಕೈಯಲ್ಲಿ ಸಾಂಗ್ಲಿಯ ಖಾರದ ಚುರುಮುರಿ ಭಡಂಗದ ಪೊಟ್ಟಣ ಹಿಡಿದು. ಹೆಬ್ಬಾಗಿಲಲ್ಲಿ ಅವಳ ಅತ್ತೆ ಕೂತು ಹಲ್ಲಿಗೆ ಸುಟ್ಟ ತಂಬಾಕಿನ ಮಿಸರಿ ತಿಕ್ಕುತ್ತಿದ್ದಳು, ದಪ್ಪ ಮೈಯ, ಗಂಡುದನಿಯ ಹೆಂಗಸು. ನನ್ನನ್ನು ಕಂಡದ್ದೇ ಓಣಿಯ ತುದಿಗೆ ಕೇಳುವಂತೆ ಕೂಗಿದಳು: “ಬಾರವ್ವಾ ತಂಗಿ ಮಗಳ! ಜತ್ತದಾಗ ಎಲ್ಲಾರೂ ಆರಾಮ ಅದಾರೇನು? ನನ್ನ ತಂಗಿ ಹೆಂಗದಾಳ?” ನಾನೂ ಅಷ್ಟೇ ಜೋರಾಗಿ “ಆರಾಮ ಅದಾಳ್ರಿ ಮಾವಶಿ, ನಿಮ್ಮನ್ನ ಭಾಳ ನೆನಸತಾಳ” ಎಂದೆ. ಒಳಗೆ ಹೋಗಿ ಕದ ಮುಂದೆ ಮಾಡಿದ ಮೇಲೆ ಅವಳು ಕೈ ಜೋಡಿಸಿ ಸಣ್ಣ ದನಿಯಲ್ಲಿ, “ಕುಂದರ್ರಿ ಬಾಯೀ, ತಪ್ಪ ತಿಳೀಬ್ಯಾಡ್ರಿ” ಎಂದಳು. ಅಂದಿನಿಂದ ಆಕೆ ನನಗೆ ಮಾವಶಿ, ಅಂದರೆ ಅವ್ವನ ಅಕ್ಕ. ಅವಳ ಸೊಸೆ ನನಗೆ ವೈನಿ, ಅಂದರೆ ಅತ್ತಿಗೆ. ಎರಡೂ ಸುಳ್ಳು.

ವೈನಿಗೆ ಮದುವೆಗೆ ಮೊದಲು ಆ ದೊಡ್ಡ ರೋಗ ಬಂದು, ಮಾತ್ರೆ ತಿಂದು ಪೂರ್ತಿ ವಾಸಿಯಾಗಿತ್ತು. ಉಳಿದದ್ದು ಮರಗಟ್ಟಿದ ಬಲ ಅಂಗಾಲು ಮಾತ್ರ. ಗಂಡ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ಕೆಲಸ ಮಾಡುವವನು, ಎಲ್ಲ ತಿಳಿದೇ ಕಟ್ಟಿಕೊಂಡಿದ್ದ. ಒಳ್ಳೆಯವನು, ಮನೆಯಲ್ಲಿರುವುದು ಕಡಿಮೆ. ಅವನಿಗೊಬ್ಬ ತಂಗಿ ಇದ್ದಳು, ಮದುವೆಗೆ ಬಂದ ಹುಡುಗಿ. ಕನ್ನಡದಲ್ಲಿ ಏನು ಕೇಳಿದರೂ ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದಳು. ಮನೆಯೆಂದರೆ ಇಷ್ಟೇ ಜನ.

ವೈನಿಯ ಕಾಲು ಮೇಲೆತ್ತಿಸಿ ನೋಡಿದೆ. ಹೆಬ್ಬೆರಳಿನ ಬುಡದಲ್ಲಿ ಒಂದು ಸುಟ್ಟ ಕುಳಿ, ಅಂಚೆಲ್ಲ ಬೆಳ್ಳಗೆ.

“ಇದು ಹೆಂಗ ಆತು?”

“ಮೊನ್ನೆ ರೊಟ್ಟಿ ಬಡಿಯಾಕತ್ತಿದ್ದೆ ಅಕ್ಕಾ. ಸುಟ್ಟ ವಾಸನಿ ಬಂತು. ರೊಟ್ಟಿ ಸೀದತು ಅಂತ ತಿರುವಿ ಹಾಕಿದೆ, ರೊಟ್ಟಿ ಚಲೋನ ಇತ್ತು. ಮತ್ತ ನೋಡತೀನಿ, ಕಾಲ ಬುಡಕ ಕೆಂಡ.”

ಇದನ್ನು ಅವಳು ನಗುತ್ತಲೇ ಹೇಳಿದಳು. ನನಗೆ ಅಳು ಬಂದಿತ್ತು, ತೋರಿಸಿಕೊಳ್ಳಲಿಲ್ಲ. ಮಿರಜದ ದರ್ಗಾಕ್ಕೆ ಹರಕೆಯಿದೆ ಎಂದು ಓಣಿಯವರಿಗೆ ಹೇಳಿಸಿ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ಸತ್ತ ಚರ್ಮ ಕತ್ತರಿಸಿ ತೆಗೆದು, ಔಷಧಿ ಕೊಟ್ಟು, ನನ್ನನ್ನು ಬೇರೆ ಕರೆದು ಹೇಳಿದರು. ಹುಣ್ಣು ಇನ್ನೂ ಎಲುಬಿಗೆ ಮುಟ್ಟಿಲ್ಲ. ಈ ಕಾಲು ಬರಿ ನೆಲಕ್ಕೆ ತಾಗಕೂಡದು, ಮನೆಯೊಳಗೂ ತಾಗಕೂಡದು. ತಾಗಿದರೆ ಮುಂಗಾಲು ತೆಗೆಯಬೇಕಾದೀತು. ತಿರುಗಿ ಬರುವ ಬಸ್ಸಿನಲ್ಲಿ ವೈನಿಗೆ ಇದನ್ನು ಹೇಳಿದೆ. ಅವಳು ಕಿಟಕಿಯ ಸರಳು ಗಟ್ಟಿಯಾಗಿ ಹಿಡಿದಳು. “ಕಾಲ ಹೋದ್ರ ಊರಿಗೆಲ್ಲಾ ಯಾಕ ಅಂತ ಗೊತ್ತಾಗತೈತಿ ಅಕ್ಕಾ. ನಮ್ಮ ಹುಡುಗಿನ ಯಾರ ಮಾಡ್ಕೋತಾರ?” ಎಂದಳು. ತನ್ನ ಕಾಲಿನ ಚಿಂತೆಗಿಂತ ನಾದಿನಿಯ ಚಿಂತೆಯೇ ಅವಳಿಗೆ ಹೆಚ್ಚು.

ಬೀದಿಯಲ್ಲಿ ಚಪ್ಪಲಿ ಹಾಕಿಕೋ ಎಂದರೆ ಯಾರೂ ಬೇಡವೆನ್ನುವುದಿಲ್ಲ. ತೊಡಕಿರುವುದು ಮನೆಯೊಳಗೆ. ನಮ್ಮ ಹೆಂಗಸರು ದಿನದ ಹೆಚ್ಚು ಹೊತ್ತು ನಡೆಯುವುದು ಬೀದಿಯಲ್ಲಲ್ಲ, ಒಲೆಯಿಂದ ನೀರಿನ ಹಂಡೆಗೆ, ಹಂಡೆಯಿಂದ ಹಿತ್ತಲಿಗೆ, ಹಿತ್ತಲಿಂದ ಮತ್ತೆ ಒಲೆಗೆ. ಆ ನಡಿಗೆಯೆಲ್ಲ ಬರಿಗಾಲಲ್ಲಿ. ಕೆಂಡ ಬೀಳುವುದೂ ಅಲ್ಲೇ, ಕಲ್ಲಿನ ನೆಲ ಒತ್ತುವುದೂ ಅಲ್ಲೇ. ಚಪ್ಪಲಿ ಹೊಸಿಲಾಚೆ ಬಿಡಬೇಕೆಂಬ ಪದ್ಧತಿಯ ಜೊತೆ ನಾನು ನೂರಾರು ಮನೆಗಳಲ್ಲಿ ಜಗಳ ಆಡಿದ್ದೇನೆ, ಹೆಚ್ಚಿನ ಕಡೆ ಸೋತಿದ್ದೇನೆ.

“ಒಲಿ ಮುಂದ ಚಪ್ಪಲ್?” ಮಾವಶಿ ಎದೆಯ ಮೇಲೆ ಕೈಯಿಟ್ಟುಕೊಂಡಳು. “ನಿನ್ನ ತಲಿ ನೆಟ್ಟಗೈತಿಲ್ಲೋ? ಒಲಿ ಅಂದ್ರ ಲಕ್ಷ್ಮಿ. ನಮ್ಮತ್ತಿ ಇದ್ದಿದ್ರ ನಮ್ಮ ಮೂರೂ ಮಂದೀನ ಕೂಡೇ ಹೊರಗ ಹಾಕತಿದ್ಲು.”

“ಆ ಲಕ್ಷ್ಮಿ ಒಲಿಯೊಳಗಿನ ಕೆಂಡಾನ ನಿಮ್ಮ ಸೊಸಿ ಕಾಲ ಸುಟ್ಟೈತ್ರಿ ಮಾವಶಿ.”

“ಬಾಯಿ ಭಾಳ ಐತಿ ನಿನಗ.”

“ಐತ್ರಿ. ಅದಕ್ಕ ಗಂಡ ಬಿಟ್ಟ.”

ಮಾವಶಿಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಸ್ವಲ್ಪ ಮೆತ್ತಗಾದಳು. ಕೂತು ಯೋಚಿಸಿ ತನ್ನ ಕರಾರು ಹೇಳಿದಳು. ಚಪ್ಪಲಿ ಹೊಸದಾಗಿರಬೇಕು. ಬೀದಿಯ ಮಣ್ಣು ಒಮ್ಮೆಯೂ ಮುಟ್ಟಿರಬಾರದು. ಅದರಲ್ಲಿ ಚರ್ಮ ಒಂದು ಎಳೆಯಷ್ಟೂ ಇರಬಾರದು. ನಾನು ಒಪ್ಪಿದೆ. ಚರ್ಮದ ಪಟ್ಟಿಯ ಬದಲು ದಪ್ಪ ಬಟ್ಟೆಯ ಪಟ್ಟಿ ಹಾಕಿಸಿದೆ. ಅದನ್ನು ಕಾಗದದಲ್ಲಿ ಸುತ್ತಿ, ಮಿರಜದಿಂದ ಸಾಂಗ್ಲಿಯವರೆಗೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂಸನ್ನು ತಂದ ಹಾಗೆ ತಂದೆ. ಮಾವಶಿಯ ಕೈಗೆ ಕೊಟ್ಟು, ನಾಳೆಯಿಂದಲೇ ಹಾಕಿಕೊಳ್ಳಬೇಕೆಂದು ಹತ್ತು ಸಲ ಹೇಳಿ ಬಂದೆ.

ಅಷ್ಟರಲ್ಲಿ ಕಾರ್ಖಾನೆಯ ಹಂಗಾಮು ಶುರುವಾಗುವ ಸುದ್ದಿ ಬಂತು. ಕಬ್ಬು ಕಡಿಯುವ ತಂಡಗಳು ಬಂದಿಳಿಯುತ್ತಿದ್ದವು, ಅವರ ಗುಡಿಸಲುಗಳಿಗೆ ಹೋಗಿ ಕಾಲು ನೋಡುವ ಕೆಲಸ ನನ್ನ ಕುತ್ತಿಗೆಗೆ ಬಿತ್ತು. ಹರಿಪುರಕ್ಕೆ ತಿರುಗಿ ಹೋಗಲು ದಸರೆ ಕಳೆಯಿತು.

ಹೋದರೆ ವೈನಿ ಬರಿಗಾಲಲ್ಲಿ ಕುಂಟುತ್ತ ಎದುರು ಬಂದಳು. ಪಟ್ಟಿ ಒದ್ದೆಯಾಗಿತ್ತು. “ಚಪ್ಪಲ್ ಎಲ್ಲಿ?” ಎಂದೆ. ಅವಳು ಅತ್ತೆಯ ಮುಖ ನೋಡಿದಳು. ಮಾವಶಿ ಬಹಳ ಸಂಭ್ರಮದಿಂದ ನನ್ನನ್ನು ಒಳಕೋಣೆಗೆ ಕರೆದೊಯ್ದಳು. ಅಲ್ಲಿ ದೇವರ ಗೂಡಿನಲ್ಲಿ, ದೇವರುಗಳ ಪಕ್ಕದಲ್ಲಿ, ಮಣೆಯ ಮೇಲೆ ಆ ಚಪ್ಪಲಿಗಳಿದ್ದವು. ಎರಡಕ್ಕೂ ಅರಿಶಿನ, ಕುಂಕುಮ, ಒಂದೊಂದು ಚೆಂಡುಹೂವು.

“ಖಂಡೇ ಪೂಜಿ ದಿನ ಕುಡಗೋಲು, ಕೊಡ್ಲಿ, ಈಳಿಗಿ ಎಲ್ಲಾ ಪೂಜಿ ಮಾಡಿದ್ವಿ,” ಎಂದಳು ಮಾವಶಿ. “ಇದರದೂ ಮೈಲಿಗಿ ಹೋಗಲಿ ಅಂತ ಅವುಗಳ ಕೂಡೇ ಇಟ್ಟೆ. ಆರತಿ ಸುದ್ದಾ ಆಗೇತಿ.”

“ಚಲೋ ಆತು. ಮತ್ತ ಹಾಕ್ಕೊಂಡಿಲ್ಲ ಯಾಕ?”

“ಹಾಕ್ಕೊಳ್ಳೂದು ಹೆಂಗವ್ವಾ? ಪೂಜಿ ಆತಲ್ಲ!”

ಅವಳು ಸುಳ್ಳು ನೆವ ಹೇಳುತ್ತಿರಲಿಲ್ಲ. ಚಪ್ಪಲಿಯನ್ನು ಶುದ್ಧ ಮಾಡಬೇಕೆಂದೇ ಪೂಜೆ ಮಾಡಿದ್ದಳು, ಪೂಜೆ ಮುಗಿಯುವುದರೊಳಗೆ ಅದು ದೇವರಾಗಿ ಕೂತುಬಿಟ್ಟಿತ್ತು. ನಾನು ಕೇಳಿದೆ, ಕುಡುಗೋಲಿಗೆ ಪೂಜೆ ಮಾಡಿ ಮರುದಿನ ಹೊಲಕ್ಕೆ ಒಯ್ಯುವುದಿಲ್ಲವೇ? ಅದಕ್ಕೂ ಅವಳ ಬಳಿ ಉತ್ತರವಿತ್ತು. “ಕುಡಗೋಲ ಕೈಯಾಗ ಹಿಡೀತೀವಿ. ಇದನ್ನ ಕಾಲಾಗ ಮೆಟ್ಟಬೇಕಲ್ಲ. ಕುಂಕುಮ ಹಚ್ಚಿದ್ದನ್ನ ಮೆಟ್ಟಿದ್ರ ಮನಿ ಉಳೀತೈತೇನು?” ವೈನಿಯೂ ಅತ್ತೆಯ ಪಕ್ಷವೇ. “ನನ್ನ ಕಾಲ ಹೋದ್ರ ಹೋಗ್ಲಿ ಅಕ್ಕಾ, ಕುಂಕುಮ ತುಳಿಯಾಕ ನನ್ನಿಂದ ಆಗಂಗಿಲ್ಲ” ಎಂದು ಅಳತೊಡಗಿದಳು.

ಪಟ್ಟಿ ಬಿಚ್ಚಿದೆ. ಆಳ ನೋಡಲು ಹುಣ್ಣಿನೊಳಗೆ ತೂರಿಸಿದ ಬಟ್ಟೆಯ ಬತ್ತಿ ಮೊದಲಿಗಿಂತ ಕೆಳಕ್ಕೆ ಇಳಿಯಿತು. ಇನ್ನೊಂದಿಷ್ಟು ಇಳಿದರೆ ಎಲುಬು. ನನಗೆ ಎಲ್ಲಿತ್ತೋ ಸಿಟ್ಟು, ಬೋಗುಣಿಯನ್ನು ನೆಲಕ್ಕೆ ಕುಕ್ಕಿದೆ. “ಮುಂದಿನ ತಿಂಗಳ ದವಾಖಾನ್ಯಾಗ ಈ ಕಾಲ ಕತ್ತರಿಸಿ ಕೈಯಾಗ ಕೊಡತಾರ. ಅದಕ್ಕೂ ಕುಂಕುಮ ಹಚ್ಚಿ ಇದ ಗೂಡಿನಾಗ ಇಡ್ರಿ!” ಎಂದುಬಿಟ್ಟೆ.

ಮಾವಶಿಯ ಮುಖ ಕಪ್ಪಿಟ್ಟಿತು. ಇನ್ನು ನನ್ನನ್ನು ಹೊರಗೆ ಹಾಕುತ್ತಾಳೆ ಎಂದುಕೊಂಡು ಚೀಲ ಕಟ್ಟಿಕೊಳ್ಳತೊಡಗಿದೆ. ಅವಳು ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು ಚಪ್ಪಲಿಗಳನ್ನೇ ನೋಡುತ್ತಿದ್ದಳು. ಅಲ್ಲಿಂದಲೇ ಕೇಳಿದಳು:

“ಚೌತಿ ಗಣಪ್ಪನ್ನ ಕಡೀಕ ಏನ ಮಾಡತೀವಿ?”

“ಹೊಳಿಗಿ ಬಿಡತೀವಿ.”

“ಬಿಡೂಮಟ ದೇವರು. ಬಿಟ್ಟ ಮ್ಯಾಲ?”

“ಮಣ್ಣು.”

“ಹಂಗಾರ ಏಳು,” ಎಂದು ಎದ್ದಳು.

ತಾಟಿನಲ್ಲಿ ಚಪ್ಪಲಿಗಳನ್ನಿಟ್ಟು ಮೇಲೆ ಹಸಿರು ಖಣದ ಬಟ್ಟೆ ಮುಚ್ಚಿದಳು. ನಾವಿಬ್ಬರೇ ಊರ ಪಕ್ಕದ ಕೃಷ್ಣಾ ಹೊಳೆಯ ಸಂಗಮದ ಘಟ್ಟಕ್ಕೆ ಇಳಿದೆವು. ಮಟಮಟ ಮಧ್ಯಾಹ್ನ, ಘಟ್ಟದಲ್ಲಿ ಎಮ್ಮೆ ಬಿಟ್ಟರೆ ಯಾರೂ ಇರಲಿಲ್ಲ. ದಾರಿಯಲ್ಲಿ ಸಿಕ್ಕ ಒಬ್ಬ ಮುದುಕ ದೇವಿಯ ಉಡಿಯೆಂದು ತಿಳಿದು ತಾಟಿಗೆ ಕೈ ಮುಗಿದ. ಮಾವಶಿ ಗಂಭೀರವಾಗಿ ತಲೆಯಾಡಿಸಿದಳು. ನೀರಿಗಿಳಿದು ಅಕ್ಷತೆ ಹಾಕಿ, ರೂಢಿಯಂತೆ “ಹೋಗಿ ಬಾರಪ್ಪಾ, ಮುಂದಿನ ವರ್ಷ ಲಗೂ ಬಾ” ಎಂದು, ತಟ್ಟನೆ ನೆನಪಾಗಿ, “ಬ್ಯಾಡ ಬ್ಯಾಡ, ಬರಬ್ಯಾಡ, ಹಂಗ ಹೋಗಿಬಿಡು” ಎಂದು ಎರಡೂ ಚಪ್ಪಲಿಗಳನ್ನು ಮುಳುಗಿಸಿ ಕೈ ಬಿಟ್ಟಳು.

ರಬ್ಬರು ತೇಲುತ್ತದೆಂಬುದು ಇಬ್ಬರಿಗೂ ಹೊಳೆದಿರಲಿಲ್ಲ. ಒಂದು ಚಪ್ಪಲಿ ಅಲ್ಲೇ ಎದ್ದಿತು, ಇನ್ನೊಂದು ಕೃಷ್ಣೆಯ ಸೆಳವು ಹಿಡಿದು ಹೊರಟೇಬಿಟ್ಟಿತು. “ಅಯ್ಯಯ್ಯ, ಹಿಡಿ ಹಿಡಿ!” ಎಂದು ಮಾವಶಿ ಬೊಬ್ಬೆ ಹೊಡೆದಳು. ನಾನು ಸೀರೆ ಸಮೇತ ಎದೆಯುದ್ದ ನೀರಿಗೆ ಹೋಗಿ ಅದನ್ನು ಹಿಡಿದು ತಂದೆ. ಕುಂಕುಮವೆಲ್ಲ ತೊಳೆದುಹೋಗಿತ್ತು.

“ನೋಡ, ದೇವರ ಓಡಿಹೊಂಟಿದ್ದ, ನೀ ಹಿಡದ ತಂದಿ!” ಎಂದು ಮಾವಶಿ ಗಾಬರಿಯಾದಳು.

“ದೇವರ ಎಂದೋ ಹೋದ್ರಿ. ಇದು ಬರೇ ರಬ್ಬರ್.”

ಅವಳು ಚಪ್ಪಲಿಯನ್ನು ಹೊರಳಿಸಿ, ಮೂಸಿ ನೋಡಿ, “ಹೌದು, ರಬ್ಬರ್” ಎಂದಳು. ಆಮೇಲೆ ಘಟ್ಟದ ಮೆಟ್ಟಿಲ ಮೇಲೆ ಕೂತು ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಾನು ಹಾಗೆ ನಕ್ಕು ಎಷ್ಟೋ ವರ್ಷಗಳಾಗಿದ್ದವು.

ಅಂದು ಸಂಜೆ ವೈನಿ ಒಲೆಗೆ ಕೈ ಮುಗಿದು, ಕಣ್ಣು ಮುಚ್ಚಿ, ಚಪ್ಪಲಿ ಹಾಕಿಕೊಂಡು ಅಡುಗೆಮನೆಯಲ್ಲಿ ಮೊದಲ ಹೆಜ್ಜೆಯಿಟ್ಟಳು. ಮನೆಯ ಮೇಲೆ ಸಿಡಿಲೇನೂ ಬೀಳಲಿಲ್ಲ. ಮಾವಶಿ ಅದನ್ನು ಖಾತ್ರಿ ಮಾಡಿಕೊಳ್ಳುವವಳಂತೆ ಒಮ್ಮೆ ಅಂಗಳಕ್ಕೆ ಹೋಗಿ ಮುಗಿಲು ನೋಡಿ ಬಂದಳು. ಅಂದಿನಿಂದ ಆ ಚಪ್ಪಲಿಯ ಕಾವಲು ಅವಳದೇ. ಸೊಸೆ ಮರೆತು ಬರಿಗಾಲು ಊರಿದರೆ ನನಗಿಂತ ಜೋರಾಗಿ ಬೈಯುತ್ತಿದ್ದಳು.

ಹುಣ್ಣು ಮಾಯಲು ಚಳಿಗಾಲವೆಲ್ಲ ಬೇಕಾಯಿತು. ನಾನು ವಾರಕ್ಕೊಮ್ಮೆ ಹೋಗುತ್ತಿದ್ದೆ. ಪಟ್ಟಿ ಕಟ್ಟುವುದು ಅರ್ಧ ಗಂಟೆಯ ಕೆಲಸ, ಇರುತ್ತಿದ್ದದ್ದು ಅರ್ಧ ದಿನ. ಓಣಿಯ ಹೆಂಗಸರು “ಮಾವಶಿ ಮನಿಗಿ ಬಂದಿಯೇನವ್ವಾ?” ಎಂದು ಕೇಳುವರು, ನಾನು “ಹೂಂ” ಎನ್ನುವೆ. ಮೊದಮೊದಲು ಆ ಹೂಂಕಾರ ಗಂಟಲಲ್ಲಿ ಸಿಕ್ಕುತ್ತಿತ್ತು, ಆಮೇಲೆ ಸಲೀಸಾಯಿತು. ಜತ್ತದಲ್ಲಿರುವ ಮಾವಶಿಯ ತಂಗಿಗೆ ಮೊಣಕಾಲು ನೋವು, ಅವಳ ಎಮ್ಮೆ ಈದಿದೆ ಎಂದೆಲ್ಲ ನಾನೇ ಸುದ್ದಿ ಹುಟ್ಟಿಸಿ ಹೇಳುತ್ತಿದ್ದೆ. ಹುಡುಗಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ನಿಜವಾದ ನನ್ನ ಅವ್ವ ತೀರಿಕೊಂಡು ಬಹಳ ಕಾಲವಾಗಿತ್ತು. ಒಂದು ಮಧ್ಯಾಹ್ನ ಊಟವಾದ ಮೇಲೆ ಕಂಬಕ್ಕೊರಗಿದವಳು ಹಾಗೇ ನಿದ್ದೆ ಹೋದೆ. ಎದ್ದಾಗ ಯಾರೋ ತಲೆಯ ಕೆಳಗೆ ದಿಂಬು ಇಟ್ಟಿದ್ದರು, ಮೈಮೇಲೆ ಕೌದಿ ಹೊದಿಸಿದ್ದರು. ಎದ್ದೇಳಲು ಮನಸ್ಸಾಗದೆ ಕಣ್ಣು ಮುಚ್ಚಿಕೊಂಡು ಇನ್ನಷ್ಟು ಹೊತ್ತು ಬಿದ್ದುಕೊಂಡಿದ್ದೆ. ಸಂಕ್ರಾಂತಿಗೆ ಎಳ್ಳುಬೆಲ್ಲ ಕೊಟ್ಟರು, ನನ್ನ ಪಾಲಿಗೆ ಅದೊಂದೇ ಮನೆಯ ಎಳ್ಳುಬೆಲ್ಲ.

ಹುಣ್ಣು ಕಿರಿದಾಗುತ್ತ ಬಂದಂತೆ ನನಗೆ ಸಂತೋಷವೂ ಆಗುತ್ತಿತ್ತು, ಅಂಜಿಕೆಯೂ ಆಗುತ್ತಿತ್ತು. ಕಾಲು ಗುಣವಾದ ಮನೆಗೆ ನಾನು ಹೋಗುವ ಹಾಗಿಲ್ಲ, ಅದು ನನ್ನ ಕೆಲಸದ ನೇಮ. ಈ ಮನೆಯ ಮಾತು ಬೇರೆ, ಇಲ್ಲಿ ನಾನು ನಂಟಿನವಳು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಶಿವರಾತ್ರಿ ಕಳೆದು ಹೋದಾಗ ಹುಣ್ಣು ಪೂರ್ತಿ ಮುಚ್ಚಿತ್ತು. ಗುಲಾಬಿ ಬಣ್ಣದ ಹೊಸ ಚರ್ಮ. ಬೆರಳಿನಿಂದ ಒತ್ತಿ ಒತ್ತಿ ನೋಡಿದೆ, ಎಲ್ಲಿಯೂ ಮೆತ್ತಗಿರಲಿಲ್ಲ. ದಿನಾ ರಾತ್ರಿ ಮಲಗುವ ಮುಂಚೆ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುವುದನ್ನು ವೈನಿಗೆ ಕಲಿಸಿದೆ. “ಕಾಲ ಉಳೀತು ವೈನಿ” ಎಂದೆ. ಅವಳು ನನ್ನ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡಳು. ಆಗಲೇ ಹುಡುಗಿಗೆ ಗಂಡು ಗೊತ್ತಾಗುವ ಮಾತು ಬಂತು. ಬರುವ ಭಾನುವಾರ ನೋಡಲು ಬರುತ್ತಾರಂತೆ, ಮಿರಜದವರಂತೆ. ಯಾವ ಓಣಿ ಎಂದು ಕೇಳಿದೆ. ನನ್ನ ಕೋಣೆಯ ಹಿಂದಿನ ಓಣಿ.

“ನಿನಗ ಗೊತ್ತೇನು ಅವರು?” ಎಂದಳು ಮಾವಶಿ.

“ಗೊತ್ತರಿ. ಚಲೋ ಮಂದಿ. ಕಣ್ಣ ಮುಚ್ಚಿ ಕೊಡ್ರಿ.”

“ಅವರಿಗೆ ನೀ ಗೊತ್ತೇನು?”

ಮಿರಜದಲ್ಲಿ ನಾನು ಯಾರೆಂದು ತಿಳಿಯದವರಿಲ್ಲ. ಮಾವಶಿ ನನ್ನ ಮುಖವನ್ನೇ ನೋಡಿ, ಎದ್ದು ಒಳಗೆ ಹೋದಳು.

ಬರುವಾಗ ಮೊರ ಹಿಡಿದು ಬಂದಳು. ಮಣೆ ಹಾಕಿ ನನ್ನನ್ನು ಮೂಡಣ ದಿಕ್ಕಿಗೆ ಕೂರಿಸಿದಳು. ಹಣೆಗೆ ಕುಂಕುಮ ಇಟ್ಟಳು, ಕೆನ್ನೆಗೆ ಅರಿಶಿನ ಸವರಿದಳು, ಸೆರಗು ಒಡ್ಡಲು ಹೇಳಿದಳು. ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಉತ್ತತ್ತಿ, ಎಲೆ ಅಡಿಕೆ, ಒಂದು ಖಣ. ಬೊಗಸೆ ಬೊಗಸೆ ಹಾಕುತ್ತ ಕೇಳಿದಳು, “ಎಷ್ಟ ವರ್ಷಾತು ನಿನ್ನ ಉಡಿ ತುಂಬಿ?” ನಾನು ಗೊಳೋ ಎಂದು ಅತ್ತುಬಿಟ್ಟೆ. ವೈನಿ ಬಾಗಿಲಿಗೆ ಆತು ನಿಂತು ಅಳುತ್ತಿದ್ದಳು. ಅವಳು ಯಾಕೆ ಅಳುತ್ತಿದ್ದಾಳೆಂದು ನನಗೆ ಆಮೇಲೆ ತಿಳಿಯಿತು.

“ಮಗಳನ್ನ ಕಳಸೂ ಮುಂದ ಉಡಿ ತುಂಬಿ, ಹಬ್ಬಕ್ಕ ಬಾ ಅಂತಾರ,” ಎಂದಳು ಮಾವಶಿ. ದನಿ ನಡುಗುತ್ತಿತ್ತು, ಆದರೆ ನಿಲ್ಲಿಸಲಿಲ್ಲ. “ನಾ ಹಂಗ ಅನ್ನಂಗಿಲ್ಲವ್ವಾ. ಇನ್ನ ಬರಬ್ಯಾಡ. ಬಾಜಾರದಾಗ ಕಂಡ್ರೂ ಮಾತಾಡಸಬ್ಯಾಡ. ನನ್ನ ಮಗಳ ಬಾಳಿನ ಮಾತೈತಿ.”

ನನಗೆ ಕೆಟ್ಟ ಸಿಟ್ಟು ಬಂತು. ಉಡಿಯಲ್ಲಿದ್ದುದನ್ನು ಅಲ್ಲೇ ಚೆಲ್ಲಿ ಎದ್ದು ಹೋಗೋಣವೆನ್ನಿಸಿತು. ಆದರೆ ಬಾಯಲ್ಲಿ ಬಂದದ್ದು ಬೇರೆ. “ಅವರು ಬಂದ ದಿನ ವೈನಿಗೆ ಚಪ್ಪಲ್ ಬಿಡಸತೀರೇನ್ರಿ? ಮಂದಿ ನೋಡತಾರಂತ?”

“ಬಿಡಸಂಗಿಲ್ಲ. ಯಾರ ಕೇಳಿದ್ರೂ ಕಾಲ ಉಳಕೈತಿ ಅಂತೀನಿ. ಯಾರ ನಕ್ಕರೂ ನಗಲಿ.” ಮಾವಶಿ ಸೆರಗಿನಿಂದ ನನ್ನ ಕಣ್ಣೊರೆಸಿದಳು. “ನಿನ್ನ ಬಿಡತೀನಿ ಮಗಳ, ಅದನ್ನ ಬಿಡಂಗಿಲ್ಲ.”

ನಾನು ಕೇಳಬೇಕಾಗಿದ್ದ ಮಾತೂ ಅದೇ. ಇದಕ್ಕಿಂತ ಹೆಚ್ಚಿನದು ಯಾವ ಮನೆಯಲ್ಲೂ ನನಗೆ ಸಿಕ್ಕಿರಲಿಲ್ಲ. ಆದರೂ ಎದೆಗೆ ಒದ್ದಂತಾಯಿತು. ಬಾಗಿ ಮಾವಶಿಯ ಕಾಲು ಮುಟ್ಟಿದೆ. ಉಡಿ ಕಟ್ಟಿಕೊಂಡು ಹೆಬ್ಬಾಗಿಲಿಗೆ ಬಂದಾಗ ಎದುರು ಮನೆಯಾಕೆ ಕಸ ಗುಡಿಸುತ್ತಿದ್ದಳು. ಉಡಿ ನೋಡಿ, “ಹೊಂಟೆಯೇನವ್ವಾ? ಮತ್ತ ಯಾವಾಗ ಬರತಿ?” ಎಂದು ಕೇಳಿದಳು. ಹಿಂದಿನಿಂದ ಮಾವಶಿಯ ಗಂಡುದನಿ ಓಣಿಗೆಲ್ಲ ಕೇಳಿಸಿತು: “ಉಗಾದಿ ಪಾಡವಾಕ್ಕ ಬರತಾಳ ತಗೋ! ಮಾವಶಿ ಮನಿ ಬಿಟ್ಟು ಎಲ್ಲಿ ಹೋಗತಾಳ?”

ನಾನು ತಿರುಗಿ ನೋಡದೆ ಬಸ್ಸಿನ ದಾರಿ ಹಿಡಿದೆ.

ಉಡಿಯ ಅಕ್ಕಿಯನ್ನು ಹೊರಗಿನವರಿಗೆ ಕೊಡಬಾರದು, ಸಿಹಿ ಮಾಡಿ ಮನೆಯವರೆಲ್ಲ ಕೂತು ಉಣ್ಣಬೇಕು ಎಂಬುದು ನಮ್ಮ ಕಡೆಯ ಪದ್ಧತಿ. ಕೋಣೆಗೆ ಬಂದು ಒಲೆ ಹಚ್ಚಿ, ಬೆಲ್ಲ ಹಾಕಿ ಅನ್ನ ಬೇಯಿಸಿದೆ. ಮಾವಶಿ ಕೈ ತುಂಬ ಹಾಕಿದ್ದಳು, ಒಂದು ಸಂಸಾರಕ್ಕೆ ಆಗುವಷ್ಟಿತ್ತು. ತಾಟಿಗೆ ಬಡಿಸಿಕೊಂಡು ಒಬ್ಬಳೇ ಉಂಡೆ. ಉಳಿದದ್ದನ್ನು ಮರುದಿನ ಬಿಸಿ ಮಾಡಿ ಉಂಡೆ.